ಪಿಎಚ್‌ಪಿಯಲ್ಲಿ ಒಂದೇ ಕ್ಲಾಸಿಗೆ ಎರಡು ಕನ್‌ಸ್ಟ್ರಕ್ಟರ್ ಬೇಕಾದರೆ? ಇಂಚು ಮಳೆ, ಮಿಲಿಮೀಟರ್ ಮಳೆ

ಪ್ರಶ್ನೆ (ಗೋಣಿಕೊಪ್ಪದಿಂದ):

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಕೆಲವು ಕಾಫಿ ಬೆಳೆಗಾರರಿಗೆ ಮಳೆ ಲೆಕ್ಕ ಇಡುವ ಸಣ್ಣ ವೆಬ್ ಅಪ್ಲಿಕೇಶನ್ ಮಾಡಿಕೊಡುತ್ತಿದ್ದೇನೆ. ಪಿಎಚ್‌ಪಿ 8.2. ಕಾಲೇಜಿನಲ್ಲಿ ಕಲಿತಿದ್ದು ಜಾವಾ.

ತೋಟದ ರೈಟರ್ (ಲೆಕ್ಕ ಬರೆಯುವವರು) ಪುಸ್ತಕದಲ್ಲಿ ಬರೆಯುವುದು ಇಂಚು-ಸೆಂಟ್ ಲೆಕ್ಕ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್), "1 ಇಂಚು 20 ಸೆಂಟ್" ಅಂತ. ಕೆಲವರು ಆಟೋಮ್ಯಾಟಿಕ್ ಮಳೆ ಮಾಪಕ ಹಾಕಿಸಿದ್ದಾರೆ, ಅದು ಮಿಲಿಮೀಟರ್ ಕೊಡುತ್ತದೆ. 'ಮಳೆ' ಅಂತ ಒಂದು ಕ್ಲಾಸ್ ಮಾಡಿ ಎರಡು ಕನ್‌ಸ್ಟ್ರಕ್ಟರ್ (ಕ್ಲಾಸಿನಿಂದ ಹೊಸ ಆಬ್ಜೆಕ್ಟ್ ಕಟ್ಟುವಾಗ ತಾನೇ ಓಡುವ ಮೆಥಡ್) ಬರೆದೆ: ಒಂದಕ್ಕೆ ಇಂಚು ಮತ್ತು ಸೆಂಟ್, ಇನ್ನೊಂದಕ್ಕೆ ಮಿಲಿಮೀಟರ್. ಕನ್‌ಸ್ಟ್ರಕ್ಟರನ್ನು ಮತ್ತೆ ಡಿಕ್ಲೇರ್ ಮಾಡುವಂತಿಲ್ಲ ಎಂದು ಫೇಟಲ್ ಎರರ್ ಬಂತು. ಹುಡುಕಿದಾಗ ಒಂದು ಹಳೆಯ ಉಪಾಯ ಸಿಕ್ಕಿತು: ಕನ್‌ಸ್ಟ್ರಕ್ಟರ್ ಒಳಗೆ ಆರ್ಗ್ಯುಮೆಂಟ್ (ಕರೆಯುವಾಗ ಕೊಟ್ಟ ಬೆಲೆಗಳು) ಎಷ್ಟು ಬಂದಿವೆ ಎಂದು ಎಣಿಸಿ, ಒಂದಿದ್ದರೆ 'ಕನ್‌ಸ್ಟ್ರಕ್ಟ್1', ಎರಡಿದ್ದರೆ 'ಕನ್‌ಸ್ಟ್ರಕ್ಟ್2' ಮೆಥಡ್ ಕರೆಯುವುದು. ಇದನ್ನೇ ಬಳಸಬಹುದೇ? ಮೇಡಂ, ನೀವು ಪಿಎಚ್‌ಪಿಯಲ್ಲೇ ಕೆಲಸ ಮಾಡುವವರು, ಸ್ವಲ್ಪ ಹೇಳಿ.

ಉತ್ತರ (ಮಡಿಕೇರಿಯಿಂದ):

ಬಳಸಬೇಡಿ. ಅದು ಓಡುತ್ತದೆ, ಆದರೆ ನಿಮ್ಮ ಕೆಲಸಕ್ಕೆ ಅದು ತಕ್ಕದ್ದಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಜಾವಾದಲ್ಲಿ ಕಂಪೈಲರ್ ಆರ್ಗ್ಯುಮೆಂಟುಗಳ ಸಂಖ್ಯೆ ಮತ್ತು ಟೈಪ್ ನೋಡಿ ಯಾವ ಕನ್‌ಸ್ಟ್ರಕ್ಟರ್ ಎಂದು ಮೊದಲೇ ತೀರ್ಮಾನಿಸುತ್ತದೆ. ಪಿಎಚ್‌ಪಿ ಕ್ಲಾಸಿನ ಮೆಥಡ್‌ಗಳನ್ನು ಹೆಸರಿನಿಂದ ಮಾತ್ರ ಗುರುತಿಸುತ್ತದೆ. ಒಂದು ಹೆಸರಿಗೆ ಒಂದೇ ಜಾಗ. ಆರ್ಗ್ಯುಮೆಂಟ್ ಎಷ್ಟು, ಟೈಪ್ ಯಾವುದು ಎಂಬುದು ಆ ಗುರುತಿನಲ್ಲಿ ಸೇರುವುದಿಲ್ಲ. ಹಾಗಾಗಿ ಎರಡನೆಯದನ್ನು ಬರೆದ ಕೂಡಲೇ ತಡೆಯುತ್ತದೆ.

ಈಗ ನಿಮ್ಮ ವಿಷಯ. ಜಾವಾದ ಹಾಗೆ ಒಂದೇ ಹೆಸರಿಗೆ ಹಲವು ರೂಪ ಇಡುವ ಓವರ್‌ಲೋಡಿಂಗ್ ಇದ್ದಿದ್ದರೂ ನಿಮಗೆ ಪೂರ್ತಿ ಉಪಕಾರ ಆಗುತ್ತಿರಲಿಲ್ಲ. ನಾಳೆ ಯಾರೋ ಬೆಳೆಗಾರರು "1.2 ಇಂಚು" ಎಂದು ದಶಮಾಂಶದಲ್ಲೇ ಹಾಕಬೇಕು ಅನ್ನುತ್ತಾರೆ. ಆಗ ಇಂಚಿಗೂ ಒಂದು ಸಂಖ್ಯೆ, ಮಿಲಿಮೀಟರಿಗೂ ಒಂದು ಸಂಖ್ಯೆ, ಎರಡರದ್ದೂ ಒಂದೇ ಟೈಪ್. ಜಾವಾ ಕೂಡ ಅದನ್ನು ಒಪ್ಪುವುದಿಲ್ಲ. ಎಣಿಸುವ ಉಪಾಯವಂತೂ ಅಲ್ಲಿಗೇ ನಿಂತುಹೋಗುತ್ತದೆ. ಇನ್ನೊಂದು, ನಿಮ್ಮದು ವೆಬ್ ಫಾರ್ಮ್. ಫಾರ್ಮ್‌ನಿಂದ ಬರುವುದೆಲ್ಲ ಸ್ಟ್ರಿಂಗ್. "3" ಎಂದು ಬಂದರೆ ಅದು 3 ಇಂಚೋ 3 ಮಿಲಿಮೀಟರೋ ಎಂದು ಟೈಪ್ ನೋಡಿ ಹೇಳಲು ಯಾವ ಭಾಷೆಗೂ ಆಗದು. 3 ಇಂಚು ಅಂದರೆ 76.2 ಮಿಲಿಮೀಟರ್. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಸಾಕಷ್ಟು ಬಿತ್ತೋ, ಸ್ಪ್ರಿಂಕ್ಲರ್ ಹಾಕಬೇಕೋ ಎಂದು ಬೆಳೆಗಾರರು ಈ ಅಂಕಿ ನೋಡಿಯೇ ನಿರ್ಧರಿಸುತ್ತಾರೆ. ಇಲ್ಲಿ ಊಹೆ ಮಾಡುವ ಕೋಡ್ ಇರಬಾರದು.

ಆದ್ದರಿಂದ ವ್ಯತ್ಯಾಸವನ್ನು ಟೈಪಿಗೆ ಬಿಡದೆ ಹೆಸರಿಗೆ ಕೊಡಿ. ಕನ್‌ಸ್ಟ್ರಕ್ಟರ್ ಒಂದೇ ಇರಲಿ, ಅದನ್ನು ಪ್ರೈವೇಟ್ ಮಾಡಿ, ಅಂದರೆ ಕ್ಲಾಸಿನ ಹೊರಗಿನಿಂದ ಕರೆಯಲಾಗದಂತೆ. ಹೊರಗಿನವರಿಗೆ ಸ್ಟ್ಯಾಟಿಕ್ ಮೆಥಡ್‌ಗಳನ್ನು (ಆಬ್ಜೆಕ್ಟ್ ಇಲ್ಲದೆ ಕ್ಲಾಸಿನ ಹೆಸರಿನಿಂದಲೇ ಕರೆಯುವಂಥವು) ಕೊಡಿ:

ಮಳೆ::ಇಂಚಿನಿಂದ(1, 20)
ಮಳೆ::ಮಿಮೀಯಿಂದ(30.48)
ಮಳೆ::ಸಾಲಿನಿಂದ($ಸಾಲು)

ಮೂರನೆಯದು ಡೇಟಾಬೇಸ್‌ನಿಂದ ಓದಿದ ಸಾಲಿಗೆ. ಮೂರೂ ತಮ್ಮ ತಮ್ಮ ಲೆಕ್ಕ ಮಾಡಿ ಕೊನೆಗೆ ಒಳಗಿನ ಒಂದೇ ಕನ್‌ಸ್ಟ್ರಕ್ಟರನ್ನು ಕರೆಯುತ್ತವೆ. ಆರು ತಿಂಗಳ ಮೇಲೆ ಬೇರೆಯವರು ಓದಿದರೂ ಅಳತೆ ಯಾವುದೆಂದು ಆ ಸಾಲಿನಲ್ಲೇ ಕಾಣುತ್ತದೆ. ಪಿಎಚ್‌ಪಿ ತಾನೂ ಹೀಗೇ ಮಾಡಿಕೊಂಡಿದೆ. 2009ರಲ್ಲಿ ಬಂದ 5.3ರಿಂದ ಡೇಟ್‌ಟೈಮ್ ಕ್ಲಾಸಿನಲ್ಲಿ 'ಕ್ರಿಯೇಟ್ ಫ್ರಮ್ ಫಾರ್ಮ್ಯಾಟ್' ಎಂಬ ಸ್ಟ್ಯಾಟಿಕ್ ಮೆಥಡ್ ಇದೆ. ದಿನಾಂಕವನ್ನು ಬೇರೆ ರೂಪದಿಂದ ಕಟ್ಟಬೇಕಾದಾಗ ಎರಡನೇ ಕನ್‌ಸ್ಟ್ರಕ್ಟರ್ ಬದಲು ಅದನ್ನೇ ಕೊಟ್ಟರು.

ತಪಾಸಣೆ ಎಲ್ಲಿ ಹಾಕಬೇಕು ಎನ್ನುವುದೂ ಇದರಿಂದ ಸ್ಪಷ್ಟವಾಗುತ್ತದೆ. ಮಳೆ ಸೊನ್ನೆಗಿಂತ ಕಡಿಮೆ ಇರಬಾರದು ಎಂಬುದು ಎಲ್ಲ ಮಳೆಗೂ ಅನ್ವಯ, ಅದು ಕನ್‌ಸ್ಟ್ರಕ್ಟರ್ ಒಳಗೆ. ಸೆಂಟ್ 99 ದಾಟಬಾರದು ಎಂಬುದು ಇಂಚಿನವರಿಗೆ ಮಾತ್ರ, ಅದು 'ಇಂಚಿನಿಂದ' ಒಳಗೆ.

ಒಳಗೆ ಯಾವ ಅಳತೆಯಲ್ಲಿ ಇಡುತ್ತೀರಿ? ದಶಮಾಂಶದ ಮಿಲಿಮೀಟರ್ ಇಟ್ಟರೆ ವರ್ಷದ ಮೊತ್ತದಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಸೇರಿಕೊಳ್ಳುತ್ತದೆ. ಒಂದು ಸೆಂಟ್ ಅಂದರೆ ಸರಿಯಾಗಿ 0.254 ಮಿಲಿಮೀಟರ್, ಅಂದರೆ 254 ಮೈಕ್ರೋಮೀಟರ್. ಮೈಕ್ರೋಮೀಟರ್‌ನಲ್ಲಿ ಪೂರ್ಣಾಂಕವಾಗಿ ಇಟ್ಟರೆ ಸೆಂಟೂ ಮಿಲಿಮೀಟರೂ ಎರಡೂ ಚೂರೂ ಕಳೆಯದೆ ಕೂರುತ್ತವೆ. ನಿಮ್ಮ 1 ಇಂಚು 20 ಸೆಂಟ್ 30480 ಆಗುತ್ತದೆ. ರೈಟರ್‌ಗೆ ತೋರಿಸುವಾಗ ಅವರು ಬರೆದದ್ದೇ ತಿರುಗಿ ಕಾಣಬೇಕು, 1 ಇಂಚು 19.99 ಸೆಂಟ್ ಅಲ್ಲ. ಅವರ ಪುಸ್ತಕಕ್ಕೂ ನಿಮ್ಮ ಪರದೆಗೂ ಒಂದು ಸೆಂಟ್ ತಾಳೆ ಬೀಳದಿದ್ದರೂ ಯಾರೂ ಇದನ್ನು ನಂಬುವುದಿಲ್ಲ.

ಸದಸ್ಯರು (ವಿರಾಜಪೇಟೆ):

ಕ್ಲಾಸಿನ ಹೆಸರಿನದ್ದೇ ಒಂದು ಫಂಕ್ಷನ್ ಬರೆದರೆ ಅದೂ ಕನ್‌ಸ್ಟ್ರಕ್ಟರ್ ಆಗುತ್ತದಲ್ಲ? ಒಂದು ಹಾಗೆ, ಒಂದು ಹೀಗೆ ಇಟ್ಟುಕೊಂಡರೆ ಎರಡಾಯಿತು.

ಉತ್ತರ:

ಇಲ್ಲ ಸರ್. ಅದು ಪಿಎಚ್‌ಪಿ 4ರ ಕಾಲದ ಪದ್ಧತಿ. 2004ರಲ್ಲಿ 5 ಬಂದಾಗ ಎರಡು ಅಂಡರ್‌ಸ್ಕೋರ್ ಹಾಕಿ ಬರೆಯುವ 'ಕನ್‌ಸ್ಟ್ರಕ್ಟ್' ಬಂತು. ಎರಡೂ ಇದ್ದಾಗ ಅದೊಂದನ್ನೇ ಕನ್‌ಸ್ಟ್ರಕ್ಟರ್ ಎಂದು ತೆಗೆದುಕೊಳ್ಳುತ್ತಿತ್ತು. ಹಳೆಯ ಪದ್ಧತಿ ಬೇಡವೆಂದು 2015ರ 7.0 ಎಚ್ಚರಿಕೆ ಕೊಡಲು ಶುರುಮಾಡಿತು, 2020ರ ನವೆಂಬರ್‌ನಲ್ಲಿ ಬಂದ 8.0 ಪೂರ್ತಿ ತೆಗೆದುಹಾಕಿತು. ಈಗ ಆ ಫಂಕ್ಷನ್ ಬರೀ ಮಾಮೂಲಿ ಮೆಥಡ್. ಎರರ್ ಕೂಡ ಬರುವುದಿಲ್ಲ, ಸುಮ್ಮನೆ ಯಾರೂ ಕರೆಯುವುದಿಲ್ಲ. ಹಳೆಯ ಸೈಟನ್ನು 8ಕ್ಕೆ ಏರಿಸುವವರು ಇದನ್ನು ಮೊದಲು ಹುಡುಕಿ ನೋಡಿ.

ಸದಸ್ಯರು (ಸೋಮವಾರಪೇಟೆ):

ಅಕ್ಕ, 8.0ರಿಂದ ಆರ್ಗ್ಯುಮೆಂಟಿಗೆ ಹೆಸರು ಹೇಳಿ ಕರೆಯಬಹುದು. ಎಲ್ಲವನ್ನೂ ಐಚ್ಛಿಕ ಮಾಡಿ, ಡೀಫಾಲ್ಟ್ ನಲ್ ಇಟ್ಟು, 'ಇಂಚು: 1, ಸೆಂಟ್: 20' ಅಥವಾ 'ಮಿಮೀ: 30.48' ಎಂದು ಕರೆದರೆ ಇಷ್ಟೆಲ್ಲ ಮೆಥಡ್ ಬೇಡವಲ್ಲ?

ಉತ್ತರ:

ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಇಂಚು ಮತ್ತು ಮಿಮೀ ಎರಡನ್ನೂ ಕೊಟ್ಟರೆ? ಎರಡನ್ನೂ ಕೊಡದಿದ್ದರೆ? ಬರೀ ಸೆಂಟ್ ಮಾತ್ರ ಕೊಟ್ಟರೆ? ಇವಕ್ಕೆಲ್ಲ ಒಳಗೆ ಇಫ್ ಬರೆಯುತ್ತಾ ಹೋಗಬೇಕು. ಬರಬಾರದ ಜೋಡಿಗೆ ಬಾಗಿಲು ತೆರೆದಿಟ್ಟು ಒಳಗೆ ಬಂದಮೇಲೆ ತಡೆಯುವುದಕ್ಕಿಂತ ಬಾಗಿಲೇ ಇಡದಿರುವುದು ಒಳ್ಳೆಯದು.

ಒಂದರ ಜೊತೆ ಒಂದು ಸೇರಿಕೊಳ್ಳುವಂಥದ್ದಕ್ಕೆ ಹೆಸರಿನ ಆರ್ಗ್ಯುಮೆಂಟ್ ಬಹಳ ಒಳ್ಳೆಯದು. ಮಾಪಕ ಎಲ್ಲಿದೆ, ಟಿಪ್ಪಣಿ ಏನು, ಇಂಥವು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅದಲ್ಲದಿದ್ದರೆ ಇದು ಎನ್ನುವಂಥದ್ದಕ್ಕೆ ಬೇರೆ ಬೇರೆ ಮೆಥಡ್. ನಾನು ಅಳೆಯುವುದು ಇಷ್ಟರಿಂದಲೇ.

ಪ್ರಶ್ನೆ ಕೇಳಿದವರು:

ಮೇಡಂ, ಮಾಡಿದೆ, ಸರಿಹೋಯಿತು. ಈಗ 'ಮಳೆ'ಯಿಂದ 'ಹೂಮಳೆ' ಎಂಬ ಕ್ಲಾಸ್ ಇಳಿಸಿದ್ದೇನೆ (ಇನ್ಹೆರಿಟ್ ಮಾಡಿದ್ದೇನೆ), ಹೂ ಮಳೆ ಬಿದ್ದ ದಿನದಿಂದ ಅದರ ನಂತರ ಬೇಕಾಗುವ ಬ್ಯಾಕಿಂಗ್ ಮಳೆಗೆ ದಿನ ಎಣಿಸಲು. ಹೂಮಳೆ::ಇಂಚಿನಿಂದ ಎಂದು ಕರೆದರೂ 'ಮಳೆ' ಆಬ್ಜೆಕ್ಟೇ ಬರುತ್ತಿದೆ.

ಉತ್ತರ:

ಮೆಥಡ್ ಒಳಗೆ 'ನ್ಯೂ ಸೆಲ್ಫ್' ಬರೆದಿರುತ್ತೀರಿ. ಸೆಲ್ಫ್ ಅಂದರೆ ಆ ಕೋಡ್ ಬರೆದಿರುವ ಕ್ಲಾಸ್. 'ನ್ಯೂ ಸ್ಟ್ಯಾಟಿಕ್' ಬರೆದರೆ ಕರೆದ ಕ್ಲಾಸ್ ಸಿಗುತ್ತದೆ, ಇದೂ 5.3ರಿಂದ ಇದೆ. ಮೆಥಡ್‌ನ ರಿಟರ್ನ್ ಟೈಪ್ ಕೂಡ ಸ್ಟ್ಯಾಟಿಕ್ ಎಂದು 8.0ರಿಂದ ಬರೆಯಬಹುದು.

ಒಂದು ಅಪಾಯ ಇದೆ. ಮಗಳ ಕ್ಲಾಸಿನ ಕನ್‌ಸ್ಟ್ರಕ್ಟರ್ ತಾಯಿಯದ್ದಕ್ಕೆ ಹೊಂದಬೇಕೆಂದು ಪಿಎಚ್‌ಪಿ ಒತ್ತಾಯ ಮಾಡುವುದಿಲ್ಲ. ಬೇರೆ ಮೆಥಡ್‌ಗಳಿಗೆ ಆ ನಿಯಮ ಇದೆ, ಕನ್‌ಸ್ಟ್ರಕ್ಟರ್‌ಗೆ ಇಲ್ಲ. 'ಹೂಮಳೆ'ಗೆ ಬೇರೆ ಆರ್ಗ್ಯುಮೆಂಟಿನ ಕನ್‌ಸ್ಟ್ರಕ್ಟರ್ ಬರೆದ ದಿನ 'ನ್ಯೂ ಸ್ಟ್ಯಾಟಿಕ್' ಅಲ್ಲೇ ಮುರಿಯುತ್ತದೆ, ಅದೂ ಓಡುವಾಗ. ನನ್ನನ್ನು ಕೇಳಿದರೆ ಇಳಿಸುವುದೇ ಬೇಡ. 'ಮಳೆ'ಯನ್ನು ಫೈನಲ್ ಮಾಡಿ, ಅಂದರೆ ಅದರಿಂದ ಬೇರೆ ಕ್ಲಾಸ್ ಇಳಿಸಲಾಗದಂತೆ. ಹೂ ಮಳೆ ಅನ್ನುವುದು ಬೇರೆ ಥರದ ಅಳತೆ ಅಲ್ಲ, ಒಂದು ದಿನದ ಮಳೆಗೆ ಬೆಳೆಗಾರರು ಕೊಡುವ ಅರ್ಥ. 'ಹೂಮಳೆ' ಪ್ರತ್ಯೇಕ ಕ್ಲಾಸ್ ಆಗಿರಲಿ, ಅದರೊಳಗೆ ಒಂದು 'ಮಳೆ' ಮತ್ತು ಒಂದು ದಿನಾಂಕ ಇಟ್ಟುಕೊಳ್ಳಲಿ.

ಕನ್ನಡದಲ್ಲಿ ಹೆಸರಿಟ್ಟಿದ್ದೀರಿ, ನೋಡಿ ಸಂತೋಷವಾಯಿತು. ಪಿಎಚ್‌ಪಿ ಅದನ್ನು ಒಪ್ಪುತ್ತದೆ. ಜಾಗ್ರತೆ ಒಂದೇ: ಮಿಲಿಮೀಟರ್ ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೆಲವು ಕೀಬೋರ್ಡ್‌ಗಳು ಕಾಣದ ಒಂದು ಅಕ್ಷರ ಸೇರಿಸುತ್ತವೆ. ಕಣ್ಣಿಗೆ ಎರಡೂ ಒಂದೇ, ಪಿಎಚ್‌ಪಿಗೆ ಎರಡು ಬೇರೆ ಹೆಸರು. ಅದಕ್ಕೇ ಮೇಲೆ 'ಮಿಮೀಯಿಂದ' ಎಂದು ಬರೆದೆ.

ಸದಸ್ಯರು (ಕುಶಾಲನಗರ):

ಬ್ರೌಸರ್ ಕಡೆ ಜಾವಾಸ್ಕ್ರಿಪ್ಟ್‌ನಲ್ಲಿ ಇದೇ ಕ್ಲಾಸ್ ಬೇಕಾದರೆ?

ಉತ್ತರ:

ಅಲ್ಲೂ ಒಂದು ಕ್ಲಾಸಿಗೆ ಒಂದೇ ಕನ್‌ಸ್ಟ್ರಕ್ಟರ್. ಎರಡು ಬರೆದರೆ ಸಿಂಟ್ಯಾಕ್ಸ್ ಎರರ್. ಸ್ಟ್ಯಾಟಿಕ್ ಮೆಥಡ್ ಉಪಾಯವೇ ಅಲ್ಲಿಗೂ ಸರಿ, ಪ್ರೈವೇಟ್ ಕನ್‌ಸ್ಟ್ರಕ್ಟರ್ ಮಾತ್ರ ಸಿಗುವುದಿಲ್ಲ.

ಆರ್ಗ್ಯುಮೆಂಟ್ ಎಣಿಸುವ ಉಪಾಯ ಯಾಕೆ ಬೇಡ ಎಂಬುದಕ್ಕೆ ಜಾವಾಸ್ಕ್ರಿಪ್ಟ್‌ನ ಅರೇ ಕ್ಲಾಸೇ ಸಾಕ್ಷಿ. ಅದರ ಕನ್‌ಸ್ಟ್ರಕ್ಟರ್‌ಗೆ 3 ಮತ್ತು 4 ಕೊಟ್ಟರೆ ಆ ಎರಡು ಅಂಕಿಗಳಿರುವ ಪಟ್ಟಿ ಬರುತ್ತದೆ. ಬರೀ 3 ಕೊಟ್ಟರೆ 3 ಇರುವ ಪಟ್ಟಿ ಬರುವುದಿಲ್ಲ, ಮೂರು ಖಾಲಿ ಜಾಗದ ಪಟ್ಟಿ ಬರುತ್ತದೆ. ಈ ತೊಡಕು ಬಿಡಿಸಲೆಂದೇ 2015ರ ಆವೃತ್ತಿಯಲ್ಲಿ 'ಅರೇ ಆಫ್' ಎಂಬ ಸ್ಟ್ಯಾಟಿಕ್ ಮೆಥಡ್ ಸೇರಿಸಬೇಕಾಯಿತು.

ಪ್ರಶ್ನೆ ಕೇಳಿದವರು:

ಕೊನೆಯದು ಮೇಡಂ. ಫಾರ್ಮ್ ಒಂದೇ ಇದೆ, ಮೆಥಡ್ ಎರಡು. ಯಾವುದನ್ನು ಕರೆಯಬೇಕೆಂದು ಸರ್ವರ್‌ಗೆ ಹೇಗೆ ತಿಳಿಯಬೇಕು?

ಉತ್ತರ:

ಫಾರ್ಮ್‌ನಲ್ಲೇ ಕೇಳಿ. ಅಳತೆ ಆರಿಸುವ ಒಂದು ಫೀಲ್ಡ್ ಇರಲಿ. ಪ್ರತಿ ತೋಟಕ್ಕೂ ಅವರು ರೂಢಿಯಲ್ಲಿ ಬಳಸುವುದನ್ನು ಮೊದಲೇ ಆರಿಸಿಟ್ಟಿದ್ದರೆ ರೈಟರ್‌ಗೆ ದಿನಾ ಒತ್ತುವ ಕೆಲಸವಿಲ್ಲ. ಸರ್ವರ್‌ನಲ್ಲಿ ಆ ಫೀಲ್ಡ್ ಮೇಲೆ 'ಮ್ಯಾಚ್' ಬರೆಯಿರಿ: ಇಂಚು ಎಂದಿದ್ದರೆ 'ಇಂಚಿನಿಂದ', ಮಿಮೀ ಎಂದಿದ್ದರೆ 'ಮಿಮೀಯಿಂದ'. ಅದಕ್ಕೆ ಡೀಫಾಲ್ಟ್ (ಯಾವುದೂ ಹೊಂದದಿದ್ದಾಗ ಹಿಡಿಯುವ ದಾರಿ) ಹಾಕಬೇಡಿ. ಡೀಫಾಲ್ಟ್ ಇಲ್ಲದಿದ್ದರೆ ಗೊತ್ತಿಲ್ಲದ ಅಳತೆ ಬಂದಾಗ ಪಿಎಚ್‌ಪಿ ತಾನೇ ಎರರ್ ಎಸೆಯುತ್ತದೆ. ಅದನ್ನು ಹಿಡಿದು, "ಅಳತೆ ಆರಿಸಿ" ಎಂದು ಫಾರ್ಮನ್ನು ತಿರುಗಿ ತೋರಿಸಿ. ಅವರು ತುಂಬಿದ ಅಂಕಿ ಅಳಿಸಿಹೋಗದಂತೆ ನೋಡಿಕೊಳ್ಳಿ.