ರಸ್ತೆಗೂ ಟ್ರ್ಯಾಕಿಗೂ ಒಂದೇ ಪೋಲೋ: ಮೂರು ಲಕ್ಷ ಎಲ್ಲಿಗೆ ಹಾಕೋದು?

ಪ್ರಶ್ನೆ (ಮೈಸೂರಿನ ಸದಸ್ಯರು):
ನಮಸ್ಕಾರ ಸರ್. ನನ್ನದು 2020ರ ಫೋಕ್ಸ್‌ವ್ಯಾಗನ್ ಪೋಲೋ ಕಾರು, 1.0 ಟಿಎಸ್‌ಐ (ಟರ್ಬೋ ಪೆಟ್ರೋಲ್) ಮ್ಯಾನುಯಲ್. 60 ಸಾವಿರ ಕಿ.ಮೀ. ದಾಟಿದೆ, ಇಲ್ಲಿವರೆಗೆ ಏನೂ ಬದಲಾಯಿಸಿಲ್ಲ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರ್ತೀನಿ, ಮನೆಯವರೂ ಮಗಳೂ ಇದೇ ಕಾರಲ್ಲೇ ಓಡಾಡ್ತಾರೆ. ಇನ್ಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ ಕೊಯಮತ್ತೂರಿನ ಕರಿ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ, ಸಾಧ್ಯವಾದರೆ ಒಮ್ಮೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೂ ಹೋಗಬೇಕು ಅಂತ ಆಸೆ. ಕೈಯಲ್ಲಿ 3 ಲಕ್ಷ ಇದೆ. ವಿಚಾರಿಸಿದ ಅಂಗಡಿಯವರು ಸ್ಟೇಜ್ 2 ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಶಕ್ತಿ ಏರಿಸೋದು), ಡೌನ್‌ಪೈಪ್ (ಟರ್ಬೋದಿಂದ ಹೊಗೆ ಹೊರಹೋಗುವ ಪೈಪ್), ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್), ರೋಲ್ ಕೇಜ್ (ಕ್ಯಾಬಿನ್ ಒಳಗಿನ ಕಬ್ಬಿಣದ ಪೈಪಿನ ಚೌಕಟ್ಟು), ನಾಲ್ಕು ಪಾಯಿಂಟ್ ಹಾರ್ನೆಸ್ (ರೇಸಿಂಗ್ ಬೆಲ್ಟ್) ಅಂತ ಪಟ್ಟಿ ಬರೆದುಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ? ಆರ್‌ಟಿಒ ತೊಂದರೆ ಏನಾದರೂ ಆಗುತ್ತಾ?

ಉತ್ತರ:
ಸರ್, ಆ ಪಟ್ಟಿಯನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಅದು ಟ್ರೈಲರ್ ಮೇಲೆ ಟ್ರ್ಯಾಕಿಗೆ ಹೋಗುವ ಗಾಡಿಗೆ ಸರಿ. ನಿಮ್ಮ ಗಾಡಿ ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು ಕೊಯಮತ್ತೂರು ಸೇರಬೇಕು, ದಿನವಿಡೀ ಟ್ರ್ಯಾಕಿನಲ್ಲಿ ಓಡಬೇಕು, ಆಮೇಲೆ ಅದೇ ಬ್ರೇಕು ಅದೇ ಟಯರಿನಲ್ಲಿ ಘಾಟಿ ಹತ್ತಿ ಮನೆಗೆ ಬರಬೇಕು. ಹಾಗಾಗಿ ದುಡ್ಡು ಮೊದಲು ಬ್ರೇಕಿಗೆ, ಆಮೇಲೆ ಟಯರ್‌ಗೆ, ಆಮೇಲೆ ಸಸ್ಪೆನ್ಷನ್‌ಗೆ. ಇಂಜಿನ್ ಕಡೇಗೆ.

ಬ್ರೇಕ್ ಯಾಕೆ ಮೊದಲು ಅಂತ ಲೆಕ್ಕ ಹಾಕಿ ನೋಡಿ. ನೀವು ಕೂತಾಗ ಗಾಡಿ ಸುಮಾರು 1,100 ಕೆಜಿ ಅಂತಿಟ್ಟುಕೊಳ್ಳೋಣ. ಊರಲ್ಲಿ 60ರಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕಿಗೆ ಹೋಗುವ ಶಕ್ತಿ ಸುಮಾರು 150 ಕಿಲೋಜೂಲ್. ಟ್ರ್ಯಾಕಿನಲ್ಲಿ 140ರಿಂದ 70ಕ್ಕೆ ಇಳಿಸಿದರೆ ಸುಮಾರು 620. ಅಂದರೆ ಒಂದೇ ತಿರುವಿಗೆ ನಾಲ್ಕು ಪಟ್ಟು, ಅದೂ ಲ್ಯಾಪ್ ಮೇಲೆ ಲ್ಯಾಪ್, ಡಿಸ್ಕ್ ಆರೋದಕ್ಕೆ ಸಮಯವೇ ಇಲ್ಲದೆ. ಆ ಬಿಸಿ ಪ್ಯಾಡ್ ದಾಟಿ, ಪ್ಯಾಡನ್ನ ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹೋಗುತ್ತೆ. ಡಾಟ್ 4 ಅನ್ನೋ ಮಾನದಂಡದ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯೋದಿಲ್ಲ. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತೆ. ತೇವ ಸೇರಿದ ಆಯಿಲ್‌ಗೆ ಅದೇ ಮಾನದಂಡ ಕೇಳೋದು ಬರೀ 155 ಡಿಗ್ರಿ. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿ ಗುಳ್ಳೆ ಆಗುತ್ತೆ, ನೀವು ಎಷ್ಟು ಒತ್ತಿದರೂ ಪೆಡಲ್ ಮ್ಯಾಟ್‌ವರೆಗೆ ಇಳಿಯುತ್ತೆ, ಗಾಡಿ ನಿಲ್ಲೋದಿಲ್ಲ. ಟ್ರ್ಯಾಕಿನಿಂದ ಬಂದ ಗಾಡಿಗಳನ್ನ ಬಿಚ್ಚಿದಾಗ ನಾನು ಮೊದಲು ನೋಡೋದೇ ಇದನ್ನ: ಆಯಿಲ್ ಕಂದು ಬಣ್ಣಕ್ಕೆ ತಿರುಗಿರುತ್ತೆ, ಪ್ಯಾಡಿನ ಹಿಂದಿನ ಪ್ಲೇಟಿನ ಪೇಂಟ್ ಸುಟ್ಟು ಬೂದಿಯಾಗಿರುತ್ತೆ, ಪಿಸ್ಟನ್ ಸುತ್ತ ಇರೋ ರಬ್ಬರ್ ಸೀಳಿರುತ್ತೆ.

ಆದ್ದರಿಂದ 300 ಡಿಗ್ರಿ ದಾಟಿ ತಡೆಯುವ ಡಾಟ್ 4 ರೇಸಿಂಗ್ ಆಯಿಲ್ ಹಾಕಿಸಿ, ಪ್ರತಿ ಟ್ರ್ಯಾಕ್ ದಿನಕ್ಕೆ ಮುಂಚೆ ಬ್ಲೀಡ್ ಮಾಡಿಸಿ, ಅಂದರೆ ಪೈಪಿನ ಹಳೇ ಆಯಿಲ್, ಗಾಳಿ ಗುಳ್ಳೆ ಹೊರಗೆ ತೆಗೆಸಿ. ಡಾಟ್ 5 ಅಂತ ಸಿಲಿಕಾನ್ ಆಯಿಲ್ ಬೇರೆಯೇ ಇದೆ, ಎಬಿಎಸ್ ಗಾಡಿಗೆ ಅದನ್ನ ಹಾಕಲೇಬೇಡಿ. ಮುಂದಿನ ಪ್ಯಾಡ್ ರಸ್ತೆಗೂ ಟ್ರ್ಯಾಕಿಗೂ ಹೊಂದುವ ಮಧ್ಯಮ ದರ್ಜೆಯದ್ದು ಸಾಕು. ಅಪ್ಪಟ ಟ್ರ್ಯಾಕ್ ಪ್ಯಾಡ್ ಬಿಸಿ ಏರೋವರೆಗೆ ಹಿಡಿಯೋದಿಲ್ಲ. ಬೆಳಿಗ್ಗೆ ಮಳೆಯಲ್ಲಿ ಮಗಳನ್ನ ಸ್ಕೂಲಿಗೆ ಬಿಡೋವಾಗ ಮೊದಲ ಸಿಗ್ನಲ್ಲಿನಲ್ಲೇ ಅದು ಗೊತ್ತಾಗುತ್ತೆ. ಟ್ರ್ಯಾಕಿಗೊಂದು ರಸ್ತೆಗೊಂದು ಅಂತ ಎರಡು ಸೆಟ್ ಇಟ್ಟುಕೊಳ್ಳೋವರಿದ್ದಾರೆ. ಆದರೆ ಡಿಸ್ಕ್ ಮೇಲೆ ಒಂದು ಪ್ಯಾಡಿನ ಪದರ ಕೂತಿರುತ್ತೆ, ಅದರ ಮೇಲೆ ಬೇರೆ ಪ್ಯಾಡ್ ಹಾಕಿದರೆ ಪ್ರತಿ ಸಲ ಹೊಸದಾಗಿ ಬೆಡ್ ಮಾಡಬೇಕು, ಅಂದರೆ ಬ್ರೇಕ್ ಹಾಕಿ ಹಾಕಿ ಪ್ಯಾಡನ್ನ ಡಿಸ್ಕಿಗೆ ಹೊಂದಿಸಬೇಕು. ನಿಮ್ಮ ಬಳಕೆಗೆ ಅದು ಬೇಡ. ಹಿಂದಿನ ಡ್ರಮ್ ಹಾಗೇ ಇರಲಿ, ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ.

ಟಯರ್ ವಿಷಯ. ದೊಡ್ಡ ಅಲಾಯ್ ಮೇಲೆ ಆಸೆ ಬೇಡ. ನಿಮ್ಮದು 15 ಇಂಚಿನದ್ದಾದರೆ 185/60 ಟಯರಿನ ಹೊರಗಿನ ವ್ಯಾಸ ಸುಮಾರು 603 ಮಿಮೀ. 195/55 ಆರ್ 16 ಹಾಕಿದರೆ 621. ಗೇರಿಂಗ್ ಶೇ. 3ರಷ್ಟು ಉದ್ದ ಆಗುತ್ತೆ (ಅದೇ ಆರ್‌ಪಿಎಂಗೆ ಹೆಚ್ಚು ವೇಗ, ಕಡಿಮೆ ಎಳೆತ), ಚಕ್ರದ ತೂಕವೂ ಸಾಮಾನ್ಯವಾಗಿ ಏರುತ್ತೆ. ಅದೇ ಅಳತೆಯಲ್ಲಿ ಒಳ್ಳೆ ಹಿಡಿತದ ಟಯರ್ ಹಾಕಿ. ಟ್ರ್ಯಾಕಿನಲ್ಲಿ ಪ್ರೆಶರ್ ಗೇಜ್ ಕೈಯಲ್ಲೇ ಇರಲಿ: ತಣ್ಣಗಿದ್ದಾಗ 30 ಪಿಎಸ್‌ಐ ಇದ್ದದ್ದು ಕೆಲವೇ ಲ್ಯಾಪಿನಲ್ಲಿ 35 ದಾಟಬಹುದು. ಟಯರಿನ ಭುಜದಲ್ಲಿ ಚಿಕ್ಕ ತ್ರಿಕೋನದ ಗುರುತು ಇರುತ್ತೆ. ಸವೆತ ಆ ತ್ರಿಕೋನ ದಾಟಿ ಪಕ್ಕಕ್ಕೆ ಇಳಿದಿದ್ದರೆ ಟಯರ್ ಮಡಚಿಕೊಳ್ತಿದೆ, ಗಾಳಿ ಕಡಿಮೆ ಇದೆ ಅಂತ. ಅಲ್ಲಿಗೆ ಮುಟ್ಟೇ ಇಲ್ಲದಿದ್ದರೆ ಗಾಳಿ ಜಾಸ್ತಿ ಇದೆ. ವಾಪಸ್ ಹೊರಡೋ ಮುಂಚೆ ಕಂಪನಿ ಹೇಳಿದ ಪ್ರೆಶರ್‌ಗೆ ಮತ್ತೆ ತುಂಬಿಸಿ.

ಸಸ್ಪೆನ್ಷನ್‌ಗೆ ಕಾಯಿಲೋವರ್ ಬದಲು ಒಂದಕ್ಕೊಂದು ಹೊಂದುವ ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಜೋಡಿ ತಗೊಳ್ಳಿ. 60 ಸಾವಿರ ಓಡಿದ ಹಳೇ ಡ್ಯಾಂಪರ್ ಮೇಲೆ ಬರೀ ಗಿಡ್ಡ ಸ್ಪ್ರಿಂಗ್ ಹಾಕಿಸೋದು ಕೆಟ್ಟ ಉಳಿತಾಯ. 20–25 ಮಿಮೀ ಇಳಿಸಿದರೆ ಸಾಕು. ಅದಕ್ಕಿಂತ ಇಳಿಸಿದರೆ ನಮ್ಮ ಹಂಪ್‌ಗಳ ಕಾಟ ಒಂದು ಕಡೆ. ಇನ್ನೊಂದು ಕಡೆ, ಮುಂದಿನ ಲೋವರ್ ಆರ್ಮ್ ಮೇಲ್ಮುಖವಾಗಿ ತಿರುಗಿ, ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಆ ರೋಲ್ ಸೆಂಟರ್ ಗಾಡಿಗಿಂತ ಹೆಚ್ಚು ಕೆಳಗೆ ಹೋಗುತ್ತೆ. ಗಾಡಿ ತಗ್ಗಿದ್ದರೂ ತಿರುವಿನಲ್ಲಿ ವಾಲುವ ಒತ್ತಡ ಹೆಚ್ಚುತ್ತೆ, ಸ್ವಲ್ಪದರಲ್ಲೇ ಬಂಪ್ ಸ್ಟಾಪ್ ಮೇಲೆ, ಅಂದರೆ ಸಸ್ಪೆನ್ಷನ್ ಓಟ ಮುಗಿಯುವ ಕಡೆಯ ರಬ್ಬರ್ ಮೇಲೆ ಕೂರುತ್ತೆ. ನೋಡೋಕೆ ಚೆಂದ, ಲ್ಯಾಪ್ ಟೈಮ್ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಮುಂದೆ ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರೋದು) ಸಿಕ್ಕರೆ ಸಂತೋಷ, ಟೋ (ಎರಡು ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರೋದು) ಮಾತ್ರ ಸೊನ್ನೆಯ ಹತ್ತಿರ ಇರಲಿ, ಇಲ್ಲಾಂದರೆ ಬೆಂಗಳೂರು ಓಡಾಟದಲ್ಲಿ ಟಯರಿನ ಒಳ ಅಂಚು ತಿಂದುಹೋಗುತ್ತೆ.

ಇನ್ನು ಇಂಜಿನ್. ಕಂಪನಿ ಕೊಟ್ಟಿದ್ದು 110 ಪಿಎಸ್, 175 ನ್ಯೂಟನ್ ಮೀಟರ್. ಕರಿ ಟ್ರ್ಯಾಕ್ ಎರಡು ಕಿ.ಮೀ.ಗೆ ಸ್ವಲ್ಪ ಹೆಚ್ಚು, ಚಿಕ್ಕದು. ಅಲ್ಲಿ ಈ ಶಕ್ತಿಯನ್ನೇ ಪೂರ್ತಿ ಬಳಸೋದು ಕಲಿಯೋಕೆ ಸಮಯ ಹಿಡಿಯುತ್ತೆ. ಆ ಟ್ರ್ಯಾಕಿಗೆ ಹೆಸರು ಬಂದಿದ್ದು ಎಸ್. ಕರಿವರ್ಧನ್ ಅವರಿಂದ. ಮಾರುತಿ 800ರ ಪುಟ್ಟ ಇಂಜಿನ್ ಇಟ್ಟು ಕಡಿಮೆ ಖರ್ಚಿನ ಫಾರ್ಮುಲಾ ಕಾರು ಕಟ್ಟಿ, ಈ ದೇಶದ ಹುಡುಗರಿಗೆ ರೇಸಿಂಗ್ ಕೈಗೆಟುಕುವ ಹಾಗೆ ಮಾಡಿದ ಮನುಷ್ಯ ಅವರು. ಹಗುರ ಗಾಡಿ, ಸಣ್ಣ ಇಂಜಿನ್, ತಿರುವಿನಲ್ಲಿ ವೇಗ. ನನಗೆ ಇವತ್ತಿಗೂ ಅದೇ ಸರಿಯಾದ ದಾರಿ ಅನ್ಸುತ್ತೆ. ಒಂದು ವರ್ಷ ಓಡಿಸಿದ ಮೇಲೂ ಶಕ್ತಿ ಸಾಲದು ಅನಿಸಿದರೆ ಆಗ ರೀಮ್ಯಾಪ್ ಮಾತಾಡೋಣ. ಆಗಲೂ ಕ್ಲಚ್ ಲೆಕ್ಕಕ್ಕೆ ತಗೊಳ್ಳಿ: ಟಾರ್ಕ್ ಏರಿಸಿದ ಹಳೇ ಕ್ಲಚ್ ಮೂರು, ನಾಲ್ಕನೇ ಗೇರಿನಲ್ಲಿ ಜಾರೋಕೆ ಶುರುವಾಗುತ್ತೆ, ಆರ್‌ಪಿಎಂ ಏರುತ್ತೆ, ಗಾಡಿ ಮುಂದೆ ಹೋಗಲ್ಲ. ಈ ಇಂಜಿನ್ನಿನ ಇಂಟರ್‌ಕೂಲರ್ (ಟರ್ಬೋದ ಬಿಸಿ ಗಾಳಿ ತಣಿಸುವ ಭಾಗ) ನೀರಿನಿಂದ ತಣಿಯುವಂಥದ್ದು, ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಕೂತಿದೆ. ಬಂಪರ್ ಹಿಂದೆ ದೊಡ್ಡದೊಂದನ್ನ ಸುಲಭವಾಗಿ ಕೂರಿಸ್ತೀವಿ ಅಂದವರ ಮಾತು ನಂಬಬೇಡಿ.

ರೋಲ್ ಕೇಜ್, ಹಾರ್ನೆಸ್ ಎರಡೂ ಬೇಡ, ಇದರಲ್ಲಿ ನಾನು ಗಟ್ಟಿಯಾಗಿ ಹೇಳ್ತೀನಿ. ಹೆಲ್ಮೆಟ್ ಇಲ್ಲದ ತಲೆ ಪಕ್ಕ ಕಬ್ಬಿಣದ ಪೈಪ್ ಇರೋ ಗಾಡಿಯಲ್ಲಿ ಮನೆಯವರನ್ನ ಕೂರಿಸಬಾರದು. ರಸ್ತೆಯಲ್ಲಿ ಚಿಕ್ಕ ಡಿಕ್ಕಿಯಾದರೂ ತಲೆ ಅದಕ್ಕೇ ಬಡಿಯುತ್ತೆ. ನಾಲ್ಕು ಪಾಯಿಂಟ್ ಬೆಲ್ಟನ್ನ ಕಂಪನಿ ಸೀಟಿಗೆ ಕಟ್ಟಿದರೆ ಭುಜದ ಪಟ್ಟಿ ಸೊಂಟದ ಪಟ್ಟಿಯನ್ನ ಹೊಟ್ಟೆ ಮೇಲಕ್ಕೆ ಎಳೆಯುತ್ತೆ, ಡಿಕ್ಕಿಯಲ್ಲಿ ಮೈ ಅದರ ಕೆಳಗೆ ಜಾರುತ್ತೆ. ಕಂಪನಿಯ ಮೂರು ಪಾಯಿಂಟ್ ಬೆಲ್ಟ್ ಏರ್‌ಬ್ಯಾಗ್ ಜೊತೆ ಸೇರಿ ಕೆಲಸ ಮಾಡೋದಕ್ಕೇ ಮಾಡಿದ್ದು. ಅದನ್ನೇ ಇಟ್ಟುಕೊಳ್ಳಿ.

ಕಾನೂನು: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಬಂತು. ಪ್ಯಾಡ್, ಆಯಿಲ್, ಅದೇ ಅಳತೆಯ ಟಯರಿಗೆ ತೊಂದರೆಯಿಲ್ಲ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಡೌನ್‌ಪೈಪ್ ರಸ್ತೆಯ ಗಾಡಿಗೆ ಯಾವ ಲೆಕ್ಕದಲ್ಲೂ ಸಲ್ಲದು. ಗಾಡಿ ತಗ್ಗಿಸೋದು, ರೀಮ್ಯಾಪ್ ಮಾಡಿಸೋದು ಕೂಡ ಪ್ರಶ್ನೆಗೆ ಸಿಗುವಂಥವೇ. ಮಾಡಿಸೋ ಮುಂಚೆ ಆರ್‌ಟಿಒದಲ್ಲಿ ಕೇಳಿ.

ಪ್ರಶ್ನೆ (ಹಾಸನದ ಸದಸ್ಯರು):
ನನ್ನದು ಹಳೇ ಪೋಲೋ ಜಿಟಿ 1.2 ಟಿಎಸ್‌ಐ, ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್). ಇದೇ ಸಲಹೆ ಅದಕ್ಕೂ ಅನ್ವಯಿಸುತ್ತಾ? 100 ಆಕ್ಟೇನ್ ಪೆಟ್ರೋಲ್ ಹಾಕಿಸಿದರೆ ಪವರ್ ಬರುತ್ತೆ ಅಂತಾರೆ, ನಿಜಾನಾ?

ಉತ್ತರ:
ಬ್ರೇಕ್, ಟಯರ್ ಮಾತು ಹಾಗೇ ಅನ್ವಯಿಸುತ್ತೆ. ಡಿಎಸ್‌ಜಿಗೆ ಮಾತ್ರ ಇನ್ನೊಂದಿಷ್ಟು ಜೋಪಾನ ಬೇಕು. ಅದು ಏಳು ಗೇರಿನ ಒಣ ಕ್ಲಚ್ ಡಬ್ಬ, 250 ನ್ಯೂಟನ್ ಮೀಟರ್‌ವರೆಗೆ ಅಂತ ಮಾಡಿದ್ದು. ಕ್ಲಚ್ ಆಯಿಲ್‌ನಲ್ಲಿ ಮುಳುಗಿಲ್ಲ, ಬಿಸಿ ಬೇಗ ಏರುತ್ತೆ. ಪಿಟ್ ಹತ್ತಿರ ಸಾಲಿನಲ್ಲಿ ಇಂಚಿಂಚು ತೆವಳಿಸಬೇಡಿ, ನಿಂತರೆ ನ್ಯೂಟ್ರಲ್‌ಗೆ ಹಾಕಿ. ಪೆಟ್ರೋಲ್ ವಿಷಯಕ್ಕೆ ಬಂದರೆ, ಟ್ಯೂನ್ ಆಗದ ಇಂಜಿನ್‌ಗೆ 100 ಆಕ್ಟೇನ್ ಹಾಕಿ ದೊಡ್ಡ ಲಾಭ ಕಾಣಲ್ಲ. ಅದಕ್ಕಂತಲೇ ಟ್ಯೂನ್ ಮಾಡಿಸಿದರೆ ಅಪಾಯ ಬೇರೆ: ದಾರಿಯ ಬಂಕಿನಲ್ಲಿ ಅದು ಸಿಗದೆ ಸಾಮಾನ್ಯ ಪೆಟ್ರೋಲ್ ತುಂಬಿಸಿಕೊಂಡ ದಿನ ನಾಕಿಂಗ್ (ಪೆಟ್ರೋಲ್ ಸಮಯ ತಪ್ಪಿ ಉರಿದು ಇಂಜಿನ್ ಕಟಕಟ ಅನ್ನೋದು) ಶುರು. ಎಲ್ಲ ಕಡೆ ಸಿಗುವ ಪೆಟ್ರೋಲಿಗೇ ಟ್ಯೂನ್ ಇರಲಿ.

ಪ್ರಶ್ನೆ (ಮೈಸೂರಿನ ಸದಸ್ಯರು):
ತುಂಬಾ ಥ್ಯಾಂಕ್ಸ್ ಸರ್. ಟ್ರ್ಯಾಕಿನಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಬರುತ್ತಾ? ಮೊದಲ ದಿನಕ್ಕೆ ಇನ್ನೇನು ತಯಾರಿ ಬೇಕು?

ಉತ್ತರ:
ನಂಬಿಕೊಂಡು ಹೋಗಬೇಡಿ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇವನ್ನ ಹೊರಗಿಟ್ಟಿರುತ್ತಾರೆ. ಮಾರ್ಪಾಡು ತಿಳಿಸದೇ ಇದ್ದರೆ ರಸ್ತೆಯ ಅಪಘಾತದ ಕ್ಲೇಮಿಗೂ ತಕರಾರು ತೆಗೀಬಹುದು. ನಿಮ್ಮ ಪಾಲಿಸಿ ಓದಿ, ಕಂಪನಿಗೆ ಬರವಣಿಗೆಯಲ್ಲಿ ಕೇಳಿ.

3 ಲಕ್ಷದಲ್ಲಿ ಸುಮಾರು 60 ಸಾವಿರ ಗಾಡಿಗೆ ಹಾಕದೆ ತೆಗೆದಿಡಿ: ಟ್ರ್ಯಾಕ್ ಶುಲ್ಕ, ಪಕ್ಕದಲ್ಲಿ ಕೂತು ಕಲಿಸುವವರು, ಒಳ್ಳೆ ಹೆಲ್ಮೆಟ್. ಕಾರಿಗೆ ಬೇಕಾದ್ದು ಸ್ನೆಲ್ ಎಸ್‌ಎ ಗುರುತಿನದು, ಅದರ ಒಳಪದರ ಬೆಂಕಿ ತಡೆಯುತ್ತೆ. ಬೈಕ್ ಹೆಲ್ಮೆಟ್‌ಗೆ ಆ ಪರೀಕ್ಷೆ ಇಲ್ಲ. ಕ್ಯಾಬಿನ್‌ನಲ್ಲಿ ಬಾಟಲಿ, ಜಾಕ್, ಮಗಳ ಆಟದ ಸಾಮಾನು ಏನೂ ಇರಬಾರದು. ಐದಾರು ಲ್ಯಾಪ್ ಜೋರಾಗಿ ಓಡಿಸಿದ ಮೇಲೆ ಒಂದು ಲ್ಯಾಪ್ ಬ್ರೇಕ್ ಹೆಚ್ಚು ಮುಟ್ಟದೆ ನಿಧಾನಕ್ಕೆ ಬನ್ನಿ. ಪಿಟ್‌ನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಜೊತೆಗೊಂದು ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಒಯ್ಯಿರಿ. ಪೋಲೋ ಚಕ್ರದ ಬೋಲ್ಟಿಗೆ 120 ನ್ಯೂಟನ್ ಮೀಟರ್. ಮೊದಲ ಸೆಷನ್ ಮುಗಿದು ಚಕ್ರ ಆರಿದ ಮೇಲೆ ಒಮ್ಮೆ, ಮೈಸೂರಿಗೆ ಹೊರಡೋ ಮುಂಚೆ ಇನ್ನೊಮ್ಮೆ ನೋಡಿ.