ಪಾರ್ಕ್ ವಿಷಯ, ಸ್ವಲ್ಪ ಉದ್ದ ಆಯ್ತು, ಕೇಳಿ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕೂತರೆ ನನಗೆ ರಾತ್ರಿಯಾಗುತ್ತದೆ, ಅದಕ್ಕೆ ಮಾತಿನಲ್ಲೇ ಹೇಳುತ್ತಿದ್ದೇನೆ. ಎರಡನೇ ಮೇನ್ ಕೊನೆಯ ಇಪ್ಪತ್ತು ಗುಂಟೆ ಜಾಗ ಕೊನೆಗೂ ಪಾರ್ಕ್ ಆಗುತ್ತಿದೆ, ಶನಿವಾರ ಇಂಜಿನಿಯರ್ ಬರುತ್ತಾರೆ, ಏನೇನು ಬೇಕು ಅಂತ ಒತ್ತಿ ಎಂದು ಸೆಕ್ರೆಟರಿಯವರು ಪೋಲ್ ಹಾಕಿದ್ದರಲ್ಲ. ಕಾರಂಜಿ ಮುಂದಿದೆ, ಮಕ್ಕಳ ಆಟದ ಜಾಗ ಕೊನೆಯಲ್ಲಿದೆ. ಬೆಳಿಗ್ಗೆ ಅವರು "ಹಾಗಾದರೆ ಕಾರಂಜಿ ಫೈನಲ್" ಅಂತ ಬರೆದಿದ್ದಾರೆ. ಸರ್, ಬೇಜಾರು ಮಾಡಿಕೊಳ್ಳಬೇಡಿ, ಇವತ್ತೇ ಫೈನಲ್ ಬೇಡ. ನಾನೂ ಕಾರಂಜಿಗೇ ಒತ್ತಿದ್ದೆ. ಆಮೇಲೆ ಮನಸ್ಸು ಬದಲಾಯಿತು.

ಯಾಕೆ ಅಂದರೆ, ಮೊನ್ನೆ ಸೊಪ್ಪು ತರಲು ಹೋದವಳು ಆ ಜಾಗದ ಹತ್ತಿರ ಸುಮ್ನೆ ಕಲ್ಲಿನ ಮೇಲೆ ಕೂತೆ. ಮಂಡಿ ನೋವು, ಬೇರೇನೂ ಉದ್ದೇಶ ಇರಲಿಲ್ಲ. ಮುಕ್ಕಾಲು ಗಂಟೆ ಕೂತಿರಬೇಕು. ಆ ಜಾಗವನ್ನು ನಾವು ಖಾಲಿ ಜಾಗ ಅನ್ನುತ್ತೇವೆ, ಅದು ಖಾಲಿಯೇ ಇಲ್ಲ! ಬಸ್ ಸ್ಟಾಪಿನಿಂದ ಐದನೇ ಕ್ರಾಸಿಗೆ ಅಡ್ಡವಾಗಿ ಒಂದು ಕಾಲುದಾರಿ ಸವೆದಿದೆ. ಮನೆಗೆಲಸಕ್ಕೆ ಬರುವವರೆಲ್ಲ ಅದರಲ್ಲೇ ನಡೆಯುತ್ತಾರೆ. ಆ ದಾರಿ ಮುಚ್ಚಿ ಹೂವಿನ ಪಾತಿ ಮಾಡಿದರೂ ಜನ ತುಳಿದುಕೊಂಡೇ ಹೋಗುತ್ತಾರೆ, ಆಮೇಲೆ ನಾವು "ಯಾರ್ರೀ ಗಿಡ ತುಳಿದವರು" ಅಂತ ಇದೇ ಗ್ರೂಪಿನಲ್ಲಿ ಫೋಟೋ ಹಾಕುತ್ತೇವೆ. ಮೂಲೆಯ ಹೊಂಗೆ ಮರದ ಕೆಳಗೆ ಡೆಲಿವರಿ ಹುಡುಗರು ಬೈಕ್ ನಿಲ್ಲಿಸಿ ನೀರು ಕುಡಿಯುತ್ತಿದ್ದರು. ಮಧ್ಯಾಹ್ನ ಕಸದ ಗಾಡಿಯ ಹೆಂಗಸರು ಬುತ್ತಿ ಬಿಚ್ಚುವುದೂ ಅಲ್ಲೇ ಅಂತ ಸೊಪ್ಪಿನವಳು ಹೇಳಿದಳು.

ಮಧ್ಯದಲ್ಲಿ ಹುಡುಗರ ಕ್ರಿಕೆಟ್ಟು, ಇಟ್ಟಿಗೆಯೇ ಸ್ಟಂಪು. ಇನ್ನು ಹುಡುಗಿಯರು? ಇಬ್ಬರು ಶಟಲ್ ಆಡುತ್ತಿದ್ದರು, ಆದರೆ ಒಳಗಲ್ಲ, ರಸ್ತೆಯಲ್ಲಿ. ಕಾರು ಬಂದಾಗಲೆಲ್ಲ ಪಕ್ಕಕ್ಕೆ ಸರಿದು ನಿಲ್ಲುವುದು, ಮತ್ತೆ ಶುರು. "ಒಳಗೆ ಆಡಿ" ಅಂದೆ. "ಅಲ್ಲಿ ಜಾಗ ಬಿಡಲ್ಲ ಆಂಟಿ" ಅಂದರು.

ಇದನ್ನು ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಆರ್ಕಿಟೆಕ್ಟ್ ಅಲ್ವಾ, ತಕ್ಷಣ ವಿಯೆನ್ನಾದ ಕಥೆ ತೆಗೆದಳು. ತೊಂಬತ್ತರ ದಶಕದಲ್ಲಿ ಅಲ್ಲಿನ ಪಾಲಿಕೆಯವರು ಪಾರ್ಕಿಗೆ ಯಾರು ಯಾರು ಬರುತ್ತಾರೆ ಅಂತ ಗಮನಿಸಿದರಂತೆ. ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿನಿಂದ ಮಾಯ! ಹುಡುಗರು ಹಾಗೇ ಇದ್ದಾರೆ. ಇರುವುದು ಒಂದೇ ದೊಡ್ಡ ಮೈದಾನ, ಅದನ್ನು ಮೊದಲು ಬಂದು ಜೋರಾಗಿ ಆಡುವವರು ಹಿಡಿದುಕೊಳ್ಳುತ್ತಾರೆ, ಉಳಿದವರು ಜಗಳ ಆಡುವುದಿಲ್ಲ, ಸುಮ್ಮನೆ ಮನೆಗೆ ಹೋಗುತ್ತಾರೆ. 1999ರಲ್ಲಿ ಎರಡು ಪಾರ್ಕುಗಳನ್ನು ಬದಲಾಯಿಸಿ ನೋಡಿದರು. ಜಾಗವನ್ನು ಚಿಕ್ಕ ಚಿಕ್ಕದಾಗಿ ಭಾಗ ಮಾಡಿದರು, ವಾಲಿಬಾಲ್, ಬ್ಯಾಡ್ಮಿಂಟನ್ನಿಗೆ ಜಾಗ ಕೊಟ್ಟರು, ದಾರಿಗಳನ್ನು ಸರಿ ಮಾಡಿದರು. ಹುಡುಗಿಯರು ವಾಪಸ್ ಬಂದರು. ವಿಯೆನ್ನಾ ಎಲ್ಲಿ, ನಮ್ಮ ಎರಡನೇ ಮೇನ್ ಎಲ್ಲಿ ಅನ್ನಬೇಡಿ. ನಾನು ಕಣ್ಣಾರೆ ನೋಡಿದ್ದು ಅದನ್ನೇ.

ಒಂದ್ನಿಮಿಷ, ಕುಕ್ಕರ್ ಕೂಗುತ್ತಿದೆ... ಹ್ಞಾಂ, ಬಂದೆ.

ಈ ಗ್ರೂಪಿನಲ್ಲಿ ಇರುವವರು ಯಾರು ಅಂತ ನೋಡಿ. ಮನೆಗೊಂದು ನಂಬರು, ಅದೂ ಹೆಚ್ಚಾಗಿ ಯಜಮಾನರದ್ದು. ಬಾಡಿಗೆಯವರನ್ನು ಸೇರಿಸಿಯೇ ಇಲ್ಲ. ಮಕ್ಕಳಿಲ್ಲ. ಸೊಪ್ಪಿನವಳಿಲ್ಲ. ಅಂದರೆ ಪಾರ್ಕಿನಲ್ಲಿ ಹೆಚ್ಚು ಹೊತ್ತು ಇರುವವರು ಯಾರೂ ವೋಟು ಹಾಕಿಲ್ಲ. ಮಕ್ಕಳ ಆಟ ಕೊನೆಗೆ ಬಂದಿದ್ದು ಅದಕ್ಕೇ.

ಈಗ ಕಾರಂಜಿ. ಚೆನ್ನಾಗಿ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ, ಉದ್ಘಾಟನೆಯ ದಿನ. ಪಕ್ಕದ ಲೇಔಟಿನದ್ದು ನೋಡಿದ್ದೀರಲ್ಲ, ಮೋಟಾರ್ ಸುಟ್ಟು ಈಗ ಸೊಳ್ಳೆ ಸಾಕುವ ತೊಟ್ಟಿ. 2024ರ ಮಾರ್ಚ್ ಮರೆತಿರಾ? ಕುಡಿಯುವ ನೀರನ್ನು ಗಿಡಕ್ಕೆ, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಒಂದು ಟ್ಯಾಂಕರ್‌ಗೆ ನಾವು ಎಷ್ಟು ಗೋಗರೆದೆವು ನೆನಪಿದೆಯಾ. ಅದೇ, ಲೆಕ್ಕ ಹಾಕಿ: ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಇಪ್ಪತ್ತು ಗುಂಟೆ ಅಂದರೆ ಸುಮಾರು ಎರಡು ಸಾವಿರ ಚದರ ಮೀಟರು. ಹತ್ತಿರ ಹತ್ತಿರ ಇಪ್ಪತ್ತು ಲಕ್ಷ ಲೀಟರ್! ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮುನ್ನೂರಕ್ಕೂ ಜಾಸ್ತಿ. ಎಲ್ಲವೂ ಇಂಗುವುದಿಲ್ಲ, ಸರಿ, ಆದರೆ ಪೂರ್ತಿ ಇಂಟರ್‌ಲಾಕ್ ಟೈಲ್ಸ್ ಹಾಕಿದರೆ ಒಳಗೆ ಹೋಗುವುದು ಬಹಳ ಕಡಿಮೆ, ಉಳಿದದ್ದು ಮೂರನೇ ಕ್ರಾಸಿನವರ ಗೇಟಿನೊಳಗೆ. ನೀವೇ ಹೋದ ವರ್ಷ ಮರಳಿನ ಮೂಟೆ ಇಟ್ಟಿದ್ದಿರಿ. ಹಾಗಾಗಿ ಕಾರಂಜಿಯ ದುಡ್ಡಿನಲ್ಲಿ ತಗ್ಗಿನ ಮೂಲೆಗೆ ಒಂದೆರಡು ಇಂಗುಬಾವಿ ತೋಡಿಸೋಣ, ಓಡಾಡಲು ಮಣ್ಣಿನ ದಾರಿ ಇರಲಿ. ನನ್ನ ಮಂಡಿಗೂ ಅದೇ ಒಳ್ಳೆಯದು.

ಗಿಡಗಳ ವಿಷಯದಲ್ಲಿ ಜಾಸ್ತಿ ಎಳೆಯುವುದಿಲ್ಲ. ಆ ಹೊಂಗೆ ಮರ ಮಾತ್ರ ಮುಟ್ಟಬಾರದು. ಗುಲ್‌ಮೊಹರ್ ಬೇಡ, ಬೇಸಿಗೆ ಮಳೆಯ ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ನೇರಳೆ ಬೇಕೇ ಬೇಕು ಅಂದವರೆ, ಹಾಕೋಣ, ಆದರೆ ನಡೆಯುವ ದಾರಿಯ ಮೇಲಲ್ಲ. ಹಣ್ಣಿನ ಕಾಲದಲ್ಲಿ ಚಪ್ಪಲಿ, ಸೀರೆ ಅಂಚು ಎಲ್ಲ ನೇರಳೆ ಬಣ್ಣ.

ಇನ್ನೊಂದು ಮಾತು, ಇದು ಯಾರಿಗಾದರೂ ಸಿಟ್ಟು ತರಿಸಬಹುದು. ಪೂರ್ವದ ಮೂಲೆಯಲ್ಲಿ ಅಸೋಸಿಯೇಷನ್ ಆಫೀಸು, ಅದರ ಮುಂದೆ ಎಂಟು ಕಾರಿಗೆ ಪಾರ್ಕಿಂಗ್ ಅಂತ ಒಬ್ಬರು ಸೂಚಿಸಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಪಾರ್ಕು, ಆಟದ ಮೈದಾನಗಳನ್ನು ಕಾಪಾಡಲು 1985ರಿಂದಲೇ ಕರ್ನಾಟಕದಲ್ಲಿ ಕಾಯಿದೆ ಇದೆ. ಸದಾಶಿವನಗರದ ಕಡೆ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಆಸ್ಪತ್ರೆ, ಒಳ್ಳೆಯ ಕೆಲಸವೇ ಅಲ್ವಾ? ಅಲ್ಲಿನ ನಿವಾಸಿಗಳು ಒಪ್ಪಲಿಲ್ಲ, ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಆಸ್ಪತ್ರೆಗೇ ಸಿಗದ ಪಾರ್ಕಿನ ಜಾಗ ನಮ್ಮ ಎಂಟು ಕಾರಿಗೆ ಸಿಗುತ್ತದೆಯೇ? ಮೀಟಿಂಗಿಗೆ ಹೊಂಗೆ ಮರದ ಕೆಳಗೆ ಕೂರೋಣ, ಕುರ್ಚಿ ನಮ್ಮ ಮನೆಯಿಂದ ತರುತ್ತೇನೆ.

ನಾನು ಕೇಳುವುದು ಇಷ್ಟೇ. ಶುಕ್ರವಾರ ಸಂಜೆ ಐದಕ್ಕೆ ಎಲ್ಲರೂ ಆ ಜಾಗಕ್ಕೆ ಬನ್ನಿ. ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಾರಲ್ಲ, ಹಾಗೆ ಪಾರ್ಕಿನ ಪ್ಲ್ಯಾನನ್ನು ನೆಲದ ಮೇಲೇ ಬರೆಯೋಣ. ದಾರಿ ಇಲ್ಲಿ, ಶಟಲ್ ಕೋರ್ಟ್ ಇಲ್ಲಿ, ಬೆಂಚು ಇಲ್ಲಿ, ನೀರಿನ ನಲ್ಲಿ ಇಲ್ಲಿ. ಆಮೇಲೆ ಅದರಲ್ಲಿ ನಡೆದು ನೋಡೋಣ. ಕಾಗದದ ಮೇಲೆ ಎರಡು ಅಡಿ ದಾರಿ ಸಾಕು ಅನ್ನಿಸುತ್ತದೆ, ವೀಲ್‌ಚೇರ್ ತಳ್ಳಿದಾಗ ಗೊತ್ತಾಗುತ್ತದೆ. ಮೊದಲನೇ ಕ್ರಾಸಿನ ಅಜ್ಜಿಯನ್ನು ಕರೆದುಕೊಂಡು ಬನ್ನಿ, ಅವರ ಕುರ್ಚಿಯಲ್ಲೇ ಅಳತೆ ನೋಡೋಣ. ಸೊಪ್ಪಿನವಳಿಗೆ, ಕಸದ ಗಾಡಿಯವರಿಗೆ ನಾನೇ ಹೇಳುತ್ತೇನೆ. ಆ ಇಬ್ಬರು ಹುಡುಗಿಯರಿಗೆ ಆಗಲೇ ಹೇಳಿಯಾಗಿದೆ, ಅವರ ಕೋರ್ಟಿನ ಗೆರೆ ಅವರೇ ಎಳೆಯುತ್ತಾರಂತೆ. ಅಳಿಸಿ ಮತ್ತೆ ಎಳೆದರೂ ಖರ್ಚು ನಲವತ್ತೋ ಐವತ್ತೋ ರೂಪಾಯಿ ಸುಣ್ಣದ ಪುಡಿ. ಕತ್ತಲಾಗುವ ಮುಂಚೆ ಫೋಟೋ ತೆಗೆದು ಶನಿವಾರ ಇಂಜಿನಿಯರ್ ಕೈಗೆ ಕೊಡೋಣ.

ಸುಣ್ಣ ನಾನು ತರುತ್ತೇನೆ. ಐವತ್ತು ಮೀಟರಿನ ಟೇಪ್ ಯಾರ ಮನೆಯಲ್ಲಾದರೂ ಇದೆಯಾ? ಮನೆ ಕಟ್ಟಿಸಿದವರು ನೋಡಿ ಹೇಳಿ.