ಹುಬ್ಬಳ್ಳಿಯಲ್ಲಿದ್ದುಕೊಂಡು ತೈ ಚಿ ಪೂರ್ತಿ ಕಲಿಯೋಕೆ ಆಗುತ್ತಾ? ಅನುಭವ ಇದ್ದವರು ಹೇಳಿ

ನವನಗರದ ಹುಡುಗ:
ಎಲ್ಲರಿಗೂ ನಮಸ್ಕಾರ. ವಯಸ್ಸು 29, ಕೂತು ಮಾಡುವ ಕೆಲಸ. ಶಾಲೆಯಲ್ಲಿದ್ದಾಗ ಕರಾಟೆ ಬ್ರೌನ್ ಬೆಲ್ಟ್ ತನಕ ಹೋಗಿದ್ದೆ. ಈಗ ನಾಲ್ಕು ತಿಂಗಳಿಂದ ಯೂಟ್ಯೂಬ್ ನೋಡಿ 24 ಭಂಗಿಯ ತೈ ಚಿ (ಚೀನಾದ ಯುದ್ಧಕಲೆ) ಮಾಡುತ್ತಿದ್ದೇನೆ. ಬಿಪಿ, ಶುಗರ್‌ಗೆ ಅಂತ ಅಲ್ಲ. ಪುಶ್ ಹ್ಯಾಂಡ್ಸ್ (ಇಬ್ಬರು ಕೈಗೆ ಕೈ ತಾಗಿಸಿ ತಳ್ಳಾಡೋ ಅಭ್ಯಾಸ), ಪಟ್ಟು, ಕತ್ತಿ, ಈಟಿ ಎಲ್ಲ ಸೇರಿಸಿ ಪೂರ್ತಿ ಕಲಿಯುವ ಆಸೆ. ತಿಂಗಳಿಗೆ 2,000 ರೂಪಾಯಿ ತೆಗೆದಿಡಬಲ್ಲೆ. ಚೆನ್ ಶೈಲಿ ಹಿಡಿಯಲಾ, ಯಾಂಗ್ ಹಿಡಿಯಲಾ? ಹುಬ್ಬಳ್ಳಿ-ಧಾರವಾಡದಲ್ಲಿ ಜೊತೆಗೆ ಅಭ್ಯಾಸ ಮಾಡೋಕೆ ಯಾರಾದರೂ ಸಿಗ್ತಾರಾ?

ಉಣಕಲ್ ಕೆರೆ ದಂಡೆ:
ತಮ್ಮಾ, ನಾನು 2015ರಲ್ಲಿ ಶುರು ಮಾಡಿದೆ. ಒಂಬತ್ತು ವರ್ಷ ಬಿಡದೆ ಹಿಡಿದವನು ನಾನೊಬ್ಬನೇ ಇರಬೇಕು ಈ ಊರಲ್ಲಿ. ಚೆನ್ ಶೈಲಿ. ಹೆನಾನ್ ಪ್ರಾಂತ್ಯದ ಚೆನ್ ಹಳ್ಳಿಯಿಂದಲೇ ಉಳಿದದ್ದೆಲ್ಲ ಹೊರಟಿದ್ದು, ಯಾಂಗ್ ಶೈಲಿ ಕಟ್ಟಿದ ಯಾಂಗ್ ಲೂಚಾನ್ ಕೂಡ ಅಲ್ಲೇ ಕಲಿತು ಬೀಜಿಂಗಿಗೆ ಹೋದವನು. ನೀನು ಮಾಡ್ತಿರೋ 24 ಭಂಗಿ 1956ರಲ್ಲಿ ಚೀನಾ ಸರ್ಕಾರ ಜನರ ಆರೋಗ್ಯಕ್ಕೆ ಅಂತ ಯಾಂಗ್ ಶೈಲಿಯಿಂದ ಕತ್ತರಿಸಿ ಜೋಡಿಸಿದ್ದು. ಐದಾರು ನಿಮಿಷಕ್ಕೆ ಮುಗಿಯುತ್ತೆ.

ಈಗ ಲೆಕ್ಕ ಹೇಳ್ತೀನಿ, ಡೈರಿ ಇಟ್ಟಿದ್ದೇನೆ. ವರ್ಷಕ್ಕೆ ಎರಡು ಸಲ ಬೆಂಗಳೂರಿನಲ್ಲಿ ಶಿಬಿರ. ಫೀ 7,000. ಬಸ್ಸಿಗೆ ಹೋಗಿ ಬರಲು 1,600. ಮೂರು ರಾತ್ರಿ ರೂಮು 2,400. ಊಟ, ಚಹಾ 1,000. ಒಂದು ಸಲಕ್ಕೆ 12,000. ಕೊರೊನಾದ ಎರಡು ವರ್ಷ ಬಿಟ್ಟರೆ ಏಳು ವರ್ಷ, 14 ಶಿಬಿರ, 1,68,000 ರೂಪಾಯಿ. ಮನೆಯವಳಿಗೆ ಈ ಅಂಕಿ ಗೊತ್ತಿಲ್ಲ. ಗೊತ್ತಾದರೆ ನಾನು ಕೆರೆ ದಂಡೆಯಲ್ಲೇ ಮಲಗಬೇಕು.

ಇದರಲ್ಲಿ ಬಂದದ್ದೇನು? ಲಾವ್‌ಜ್ಯಾ, ಅಂದರೆ ಚೆನ್ ಶೈಲಿಯ ಹಳೇ ಕ್ರಮ, ಅದರ ಮೊದಲ ಸರಣಿ, 75 ಚಲನೆ, ಮೂರು ವರ್ಷ ಹಿಡೀತು. ಆಮೇಲೆ ಎರಡನೆಯದು, ಪಾವ್ ಚುಯಿ. ತೋಪಿನ ಗುದ್ದು ಅಂತ ಅರ್ಥ. ಜಿಗಿತ, ಕಾಲು ಕುಟ್ಟೋದು, ಮೊಣಕೈ ಎಲ್ಲ ಇದೆ. ತೈ ಚಿ ಅಂದರೆ ನಿಧಾನ ಅನ್ನೋರು ಇದನ್ನು ಒಮ್ಮೆ ನೋಡಬೇಕು. ಪುಶ್ ಹ್ಯಾಂಡ್ಸ್ ಮಾತ್ರ ಶಿಬಿರದಲ್ಲೇ, ಒಂದು ಶಿಬಿರಕ್ಕೆ ನಾಲ್ಕು ಗಂಟೆ. ಇಲ್ಲಿ ಜೊತೆಗಾರ ಇಲ್ಲ.

ಕೋಲಿನ ಕಥೆಯನ್ನೂ ಕೇಳು. ಚೆನ್ ಶೈಲಿಯಲ್ಲಿ ಸುಮಾರು ಮೂರು ಮೀಟರ್ ಉದ್ದದ ಕೋಲು ಅಲುಗಿಸುವ ಅಭ್ಯಾಸ ಇದೆ. ಬುಡ ದಪ್ಪ, ತುದಿ ಸಣ್ಣ. ಸೊಂಟದಿಂದ ಒಂದು ಝಟಕಾ ಕೊಟ್ಟರೆ ತುದಿಯ ತನಕ ಝುಂ ಅನ್ನಬೇಕು. ಅಲ್ಲಿ ಬಿಳಿ ಮೇಣದ ಮರ ಅಂತ ಒಂದು ಬಳಸ್ತಾರೆ. ನಮ್ಮಲ್ಲಿ ಎಲ್ಲಿಂದ ತರೋದು? ಬಿದಿರು ತಂದೆ, 180 ರೂಪಾಯಿ. ಆಟೋ ಮೇಲೆ ಕಟ್ಟಿಕೊಂಡು ಬರೋಕೆ 150. ಟೊಳ್ಳು. ಝುಂ ಅನ್ನಲ್ಲ, ಪಟ ಪಟ ಅನ್ನುತ್ತೆ. ಮೂರನೇ ತಿಂಗಳಿಗೆ ಬುಡದಿಂದ ಸೀಳಿ ಅಂಗೈಗೆ ಚುಚ್ಚಿತು. ಟಿಟಿ ಇಂಜೆಕ್ಷನ್ನಿನ ಖರ್ಚು ಬರೆದಿಲ್ಲ.

ತಾಲೀಮಿನ ಮೊಮ್ಮಗ:
ಅಣ್ಣಾರ, ನಾಲ್ಕು ಗಂಟೆಯಂತೆ 14 ಶಿಬಿರ ಅಂದರೆ 56 ಗಂಟೆ. ಒಂಬತ್ತು ವರ್ಷದಲ್ಲಿ 56 ಗಂಟೆ ಇನ್ನೊಬ್ಬನ ಮೈ ಮುಟ್ಟಿದ್ದೀರಿ. ನಮ್ಮ ತಾಲೀಮಿನ (ಕುಸ್ತಿ ಗರಡಿಯ) ಹುಡುಗ ದಿನಕ್ಕೆ ಎರಡು ತಾಸು ಮಣ್ಣಲ್ಲಿ ಇರ್ತಾನೆ. 28 ದಿನಕ್ಕೆ ನಿಮ್ಮ ಒಂಬತ್ತು ವರ್ಷ ಮುಗಿಸ್ತಾನೆ.

ನಾನು ಗದಗ ಕಡೆಯವನು. ಅಜ್ಜ ಪೈಲ್ವಾನರು. ಐದು ವರ್ಷದ ಹಿಂದೆ ಒಬ್ಬ ತೈ ಚಿ ಕಲಿತ ಹುಡುಗ ನಮ್ಮ ತಾಲೀಮಿಗೆ ಬಂದಿದ್ದ. ಮರ್ಯಾದೆಯ ಹುಡುಗ, ಮಣ್ಣು ಮುಟ್ಟಿ ನಮಸ್ಕಾರ ಮಾಡಿಯೇ ಇಳಿದ. ನಮ್ಮವನಿಗೆ 17 ವಯಸ್ಸು. ಕುತ್ತಿಗೆಗೆ ಕೈ ಹಾಕಿ ಎಳೆದ. ಆ ಹುಡುಗ ಮೊಣಕೈ ತಿರುಗಿಸಿ ಆ ಎಳೆತವನ್ನು ಪಕ್ಕಕ್ಕೆ ಬಿಟ್ಟುಬಿಟ್ಟ. ಚಂದ ಇತ್ತು, ಸುಳ್ಳು ಹೇಳಲ್ಲ. ಅಜ್ಜ ಕಟ್ಟೆ ಮೇಲೆ ಕೂತವರು ‘ಹಾಂ’ ಅಂದರು. ಆದರೆ ಅಷ್ಟರಲ್ಲಿ ನಮ್ಮವನು ಕಾಲಿಗೆ ಬಂದಿದ್ದ. ಎರಡನೇ ಸಲ ಅದೇ. ಮೂರನೇ ಸಲ ಅದೇ. ಕೈ ಬಗ್ಗೆ ಎಲ್ಲ ಗೊತ್ತಿತ್ತು ಪಾಪ, ಯಾರೂ ಅವನ ಕಾಲು ಹಿಡಿದೇ ಇರಲಿಲ್ಲ.

2017ರಲ್ಲಿ ಚೀನಾದಲ್ಲೇ ಏನಾಯ್ತು? ಶು ಶಿಯಾವ್‌ಡಾಂಗ್ ಅನ್ನೋ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾಳಗ) ಫೈಟರ್ ವೇ ಲೇ ಅನ್ನೋ ತೈ ಚಿ ಗುರುವನ್ನು ಅರ್ಧ ನಿಮಿಷದೊಳಗೆ ಕೆಡವಿದ. ವಿಡಿಯೋ ಇದೆ. ಪೂರ್ತಿ ಯುದ್ಧಕಲೆ ಬೇಕು ಅಂದರೆ ತಾಲೀಮಿಗೆ ಬರ್ರಿ. ಫೀ ಇಲ್ಲ, ಎಣ್ಣೆ ನಿಮ್ಮದು.

ಉಣಕಲ್ ಕೆರೆ ದಂಡೆ:
ಬಂತು ನೋಡಿ ಆ ವಿಡಿಯೋ. ಇನ್ನೂ ಯಾಕೆ ಬರಲಿಲ್ಲ ಅಂದುಕೊಂಡಿದ್ದೆ. ಒಬ್ಬ ಸೋತರೆ ಇಡೀ ಕಲೆ ಸುಳ್ಳಾ? ನಿಮ್ಮ ತಾಲೀಮಿನಲ್ಲಿ ಯಾರೂ ಸೋತೇ ಇಲ್ವಾ? ನಿಮ್ಮ ಹುಡುಗ ಕಾಲಿಗೆ ಬಗ್ಗಿದಾಗ ಕತ್ತಿನ ಹಿಂದೆ ಮೊಣಕೈ ಬಿದ್ದಿದ್ದರೆ? ಕುಸ್ತಿಯಲ್ಲಿ ಗುದ್ದೋ ಹಾಗಿಲ್ಲ, ಅದಕ್ಕೇ ಧೈರ್ಯವಾಗಿ ಬಗ್ತಾರೆ.

ತಾಲೀಮಿನ ಮೊಮ್ಮಗ:
ಬಿದ್ದಿದ್ದರೆ, ಬಿದ್ದಿದ್ದರೆ. ಬೀಳಲಿಲ್ಲ ಅಲ್ವಾ?

ಸಾಧನಕೇರಿ ಅಕ್ಕ:
ಗಂಡಸರ ಜಗಳ ಆಮೇಲೆ ಆಗಲಿ. ನಾನು ನಿವೃತ್ತ ಶಿಕ್ಷಕಿ. ಮೊದಲು ಹೋಗಿದ್ದು ಮೊಣಕಾಲಿಗೆ, ಆಮೇಲೆ ಹುಚ್ಚು ಹತ್ತಿತು. ಕ್ಲಾಸಿನ ಹೆಸರು ಹೇಳಲ್ಲ. ಮೊದಲ ವರ್ಷ ತಿಂಗಳಿಗೆ 800. ಎರಡನೇ ವರ್ಷ 1,200. ಮೂರನೇ ವರ್ಷ ‘ಅಡ್ವಾನ್ಸ್ಡ್’ ಅಂತ 1,800. ನಾಲ್ಕನೇ ವರ್ಷವೂ ಅದೇ 1,800. ಕೂಡಿಸಿದರೆ 67,200. ಜೊತೆಗೆ ಬಿಳಿ ಸ್ಯಾಟಿನ್ ಡ್ರೆಸ್ ಕಡ್ಡಾಯ, 3,200. ಕೆಂಪು ಮಣ್ಣಿನ ಊರಲ್ಲಿ ಬಿಳಿ ಸ್ಯಾಟಿನ್! ಫೋಟೋಕ್ಕೆ ಒಂದು ಸಲ ಹಾಕಿದೆ. ಪುಶ್ ಹ್ಯಾಂಡ್ಸ್ ಯಾವಾಗ ಅಂತ ಕೇಳಿದಾಗೆಲ್ಲ ‘ನಿಮ್ಮ ದೇಹ ಇನ್ನೂ ತಯಾರಿಲ್ಲ ಮೇಡಂ’. ನಾಲ್ಕು ವರ್ಷ ಇದೇ ಉತ್ತರ. ಅವರಿಗೇ ಬರುತ್ತಿರಲಿಲ್ಲ ಅಂತ ಆಮೇಲೆ ತಿಳೀತು.

ಬಿಟ್ಟೆ. ಈಗ ನಾನು, ನನ್ನ ನಾದಿನಿ ದಿನಾ ಮುಂಜಾನೆ ಟೆರೇಸಿನ ಮೇಲೆ ಮಾಡ್ತೀವಿ. ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ನಿಲ್ಲೋದು. ಪೆಂಗ್, ಲೂ, ಜೀ, ಆನ್. ಉಬ್ಬಿಸು, ಹಿಂದಕ್ಕೆ ಬರಮಾಡಿಕೋ, ಒತ್ತು, ತಳ್ಳು. ನಾಲ್ಕೇ. ಇದನ್ನು ಸುತ್ತಾಕಿ ಸುತ್ತಾಕಿ ಮಾಡೋದು. ಮೊದಲ ಆರು ತಿಂಗಳು ಇಬ್ಬರೂ ಭುಜ ಬಿಗಿ ಹಿಡಿದು ದನದ ಹಾಗೆ ತಳ್ಳಾಡಿದೆವು. ಒಂದು ದಿನ ರೊಟ್ಟಿ ಬಡಿಯುವಾಗ ನಾದಿನಿ ಅಂದಳು, ‘ವೈನಿ, ಕೈ ಬಿಗಿ ಮಾಡಿ ಬಡಿದರೆ ಹತ್ತು ರೊಟ್ಟಿಗೆ ಭುಜ ಬಿದ್ದು ಹೋಗ್ತದೆ, ಹಗುರ ಬಿಟ್ಟು ಬಡಿದರೆ ಐವತ್ತಾದರೂ ಏನೂ ಆಗಲ್ಲ. ಇದೂ ಹಂಗೇ ಅಲ್ವಾ?’ ಅವತ್ತು ಸಂಜೆ ಅವಳ ಕೈ ತಾಗಿಸಿದರೆ ತಳ್ಳೋಕೆ ಏನೂ ಸಿಗಲಿಲ್ಲ ನನಗೆ. ನಾನೇ ಮುಗ್ಗರಿಸಿ ತುಳಸಿ ಕಟ್ಟೆಗೆ ಹೋಗಿ ತಾಗಿದೆ.

ನಮ್ಮದು ಯಾಂಗ್ ಶೈಲಿ. ಚಿ ಹರಿಯೋದು ಈಗ ಸ್ವಲ್ಪ ಗೊತ್ತಾಗ್ತಿದೆ.

ತಿದ್ದುಪಡಿ:
ಒಂದು ಸಣ್ಣ ಮಾತು. ತೈ ಚಿಯ ‘ಚಿ’ ಬೇರೆ, ಉಸಿರು-ಶಕ್ತಿ ಅನ್ನೋ ‘ಚಿ’ ಬೇರೆ. ಎರಡಕ್ಕೂ ಚೀನಿ ಅಕ್ಷರವೇ ಬೇರೆ. ತೈ ಚಿ ಅಂದರೆ ಪರಮ ತುದಿ ಅಂತ. ಸರಿಯಾಗಿ ತೈಜಿ. ಪೂರ್ತಿ ಹೆಸರು ತೈಜಿಚುವಾನ್, ಕೊನೆಯ ಚುವಾನ್ ಅಂದರೆ ಮುಷ್ಟಿ. ಹೆಸರಲ್ಲೇ ಗುದ್ದು ಇದೆ, ನಾವು ಅದನ್ನೇ ಬಿಟ್ಟು ಕರೀತೀವಿ.

ಸಾಧನಕೇರಿ ಅಕ್ಕ:
ನಾನು ಉಸಿರಿನ ಚಿ ಬಗ್ಗೆಯೇ ಬರೆದದ್ದು. ಮೂವತ್ತೊಂದು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದ್ದೇನೆ, ಓದದೆ ಕೆಂಪು ಗೆರೆ ಎಳೆಯಬಾರದು ಅಂತ ನನಗೆ ಗೊತ್ತು.

ಹಾವೇರಿಯಿಂದ:
ಯಾರೂ ಮೊಣಕಾಲಿನ ಬಗ್ಗೆ ಹೇಳ್ತಿಲ್ಲ ಯಾಕೆ? ನಾನೂ ಚೆನ್ ಶೈಲಿಯೇ. ‘ಇನ್ನೂ ಕೆಳಗೆ, ಇನ್ನೂ ಕೆಳಗೆ’ ಅನ್ನೋ ಗುರು ಸಿಕ್ಕಿದ್ದರು. ತೊಡೆ ನೆಲಕ್ಕೆ ಸಮ ಆಗಬೇಕಂತೆ. ನಾನು 41 ವರ್ಷದವನು, 84 ಕಿಲೋ. ಭಾರ ಪೂರ್ತಿ ಎಡಗಾಲ ಮೇಲೆ ಇರುವಾಗಲೇ ಪಾದ ತಿರುಗಿಸಿದೆ. ಪಾದ ಸಿಮೆಂಟಿಗೆ ಅಂಟಿಕೊಂಡೇ ಇತ್ತು, ಮೊಣಕಾಲು ತಿರುಗಿತು. ಟಕ್ ಅಂತ ಸದ್ದು. ಒದ್ದೆ ಬೆಂಡೆಕಾಯಿ ಮುರಿದ ಹಾಗೆ.

ಎಂಆರ್‌ಐ 6,800. ಡಾಕ್ಟರ್ ಐದು ಸಲ, 500ರಂತೆ 2,500. ಮೊಣಕಾಲಿಗೆ ಹಾಕೋ ನೀ-ಕ್ಯಾಪ್ 950. ಫಿಸಿಯೋ 24 ಸಲ, 350ರಂತೆ 8,400. ಒಟ್ಟು 18,650. ಹಾವೇರಿಯಿಂದ ಹುಬ್ಬಳ್ಳಿಗೆ ಬಸ್ ಚಾರ್ಜ್ ಬೇರೆ, ರಜೆ ಬೇರೆ. ಮೆನಿಸ್ಕಸ್ (ಮೊಣಕಾಲ ಕೀಲಿನೊಳಗಿನ ಮೆತ್ತೆ) ಹರಿದಿದೆ ಅಂದರು. ಇವತ್ತಿಗೂ ಪಂಕ್ತಿ ಊಟಕ್ಕೆ ನೆಲದ ಮೇಲೆ ಕೂರೋಕೆ ಆಗಲ್ಲ, ಮದುವೆ ಮನೆಯಲ್ಲಿ ಮುದುಕರ ಜೊತೆ ಟೇಬಲ್ಲಿಗೆ ಕಳಿಸ್ತಾರೆ.

ಮೊಣಕಾಲು ಪಾದದ ಬೆರಳು ನೋಡೋ ಕಡೆಗೇ ಇರಬೇಕು. ತಿರುಗೋದು ಸೊಂಟದ ಕೀಲಿನಿಂದ. ಪಾದ ತಿರುಗಿಸೋ ಮೊದಲು ಭಾರ ಕಡಿಮೆ ಮಾಡಬೇಕು. ಇಷ್ಟು ಹೇಳೋಕೆ ಆ ಮನುಷ್ಯನಿಗೆ ಹನ್ನೊಂದು ತಿಂಗಳು ಸಾಲಲಿಲ್ಲ. ಯೂಟ್ಯೂಬ್ ಅಂತೂ ನಿನ್ನ ಮೊಣಕಾಲು ನೋಡೋದೇ ಇಲ್ಲ, ನವನಗರದ ತಮ್ಮಾ.

ಉಣಕಲ್ ಕೆರೆ ದಂಡೆ:
84 ಕಿಲೋ ಇಟ್ಟುಕೊಂಡು ಸಿಮೆಂಟಿನ ಮೇಲೆ ಅಷ್ಟು ಕೆಳಗೆ ಹೋಗಿದ್ದು ಶೈಲಿಯ ತಪ್ಪಾ? ನನ್ನ ಮೊಣಕಾಲು ಒಂಬತ್ತು ವರ್ಷದಿಂದ ಗಟ್ಟಿ ಇದೆ. ನಾನು ಹುಲ್ಲಿನ ಮೇಲೆ ಮಾಡ್ತೀನಿ.

ಹಾವೇರಿಯಿಂದ:
ದೇವರು ನಿಮ್ಮ ಮೊಣಕಾಲು ಚೆನ್ನಾಗಿ ಇಟ್ಟಿರಲಿ. ಒಂದು ಸಲ ಎಂಆರ್‌ಐ ಮಿಷನ್ನಿನೊಳಗೆ ಮಲಗಿ ಬಂದು ಆಮೇಲೆ ಮಾತಾಡಿ.

ತಾಲೀಮಿನ ಮೊಮ್ಮಗ:
ಇದಕ್ಕೇ ಹೇಳೋದು ಮಣ್ಣು ಬೇಕು ಅಂತ. ನಮ್ಮ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡ್ತೀವಿ. ಬಿದ್ದರೂ ಹಾಸಿಗೆ ಮೇಲೆ ಬಿದ್ದ ಹಾಗೆ. ಪಾದ ತಿರುಗಿದರೆ ಮಣ್ಣೂ ಜೊತೆಗೆ ತಿರುಗ್ತದೆ.

ಹಾವೇರಿಯಿಂದ:
ಮಜ್ಜಿಗೆಯಾ? ನಮ್ಮ ಕಡೆ ಹಾಕಲ್ಲ. ವಾಸನೆ ಬರ್ತದೆ, ಇರುವೆ ಬರ್ತದೆ. ಎಣ್ಣೆ, ಅರಿಶಿನ ಸಾಕು.

ತಾಲೀಮಿನ ಮೊಮ್ಮಗ:
ದಿನಾ ಮಣ್ಣು ಅಗೆದು ತಿರುಗಿಸಿದರೆ ವಾಸನೆ ಎಲ್ಲಿಂದ ಬರಬೇಕು? ನಿಮ್ಮ ಕಡೆ ಅಗೆಯೋದಿಲ್ಲ ಅಂತ ಕಾಣುತ್ತೆ. ಅಜ್ಜ 50 ವರ್ಷ ಮಜ್ಜಿಗೆ ಹಾಕಿದ್ದಾರೆ. ಒಂದು ಇರುವೆ ನೋಡಿಲ್ಲ ನಾನು.

ಹಾವೇರಿಯಿಂದ:
ನಮ್ಮ ಜಿಲ್ಲೆಯ ಪೈಲ್ವಾನರಿಗೆ ಗದಗದವರು ಮಣ್ಣು ಅಗೆಯೋದು ಕಲಿಸಬೇಕಾ ಈಗ?

ತಿದ್ದುಪಡಿ:
ಅಕ್ಕಾರ ಲೆಕ್ಕ ಸರಿ ಇದೆ, ಕೂಡಿಸಿ ನೋಡಿದೆ. ಡ್ರೆಸ್ ಸೇರಿಸಿದರೆ 70,400.

ನವನಗರದ ಹುಡುಗ:
ಎಲ್ಲರಿಗೂ ಧನ್ಯವಾದ. ಚೆನ್ ಅಥವಾ ಯಾಂಗ್ ಅಂತ ಇನ್ನೂ ಗೊತ್ತಾಗಲಿಲ್ಲ. ಅಕ್ಕಾರ, ಭಾನುವಾರ ನಿಮ್ಮ ಟೆರೇಸಿಗೆ ಬರಬಹುದಾ?

ಸಾಧನಕೇರಿ ಅಕ್ಕ:
ಬಾ. ಏಳು ಗಂಟೆಗೆ ಮೊದಲು ಬಾ, ಬಿಸಿಲು ಬಂದರೆ ಟೆರೇಸು ಕಾಯ್ತದೆ. ನಾದಿನಿ ಜೊತೆ ಮೊದಲು ಮಾಡು, ನನಗಿಂತ ಅವಳೇ ಚುರುಕು. ಆಮೇಲೆ ಒಂದು ದಿನ ಆ ಗದಗದ ತಾಲೀಮಿಗೂ ಹೋಗೋಣ. ಕಾಲು ಹಿಡಿದರೆ ಏನು ಮಾಡಬೇಕು ಅಂತ ನಮಗೂ ಗೊತ್ತಿಲ್ಲ, ಅದು ಖರೆ.

ತಾಲೀಮಿನ ಮೊಮ್ಮಗ:
ಬರ್ರಿ ಅಕ್ಕಾರ, ಸಂತೋಷ. ಆದರೆ ನಮ್ಮ ತಾಲೀಮಿನಲ್ಲಿ ಹೆಂಗಸರು ಮಣ್ಣಿಗೆ ಇಳಿಯೋ ರೂಢಿ ಇಲ್ಲ. ನೀವು, ನಿಮ್ಮ ನಾದಿನಿ ಕಟ್ಟೆ ಮೇಲೆ ಕೂತು ನೋಡಬಹುದು. ಚಹಾ ಮಾಡಿಸ್ತೀನಿ.

ಸಾಧನಕೇರಿ ಅಕ್ಕ:
ಕಟ್ಟೆ ಮೇಲೆ ಕೂತು ನೋಡೋಕೆ ನಾವೇನು ಜಾತ್ರೆಗೆ ಬರ್ತಿಲ್ಲ. ಗದಗದ ಹೆಣ್ಣುಮಕ್ಕಳೇ ಕುಸ್ತಿ ಆಡಿ ಮೆಡಲ್ ತರ್ತಾರೆ, ಅವರೆಲ್ಲ ಎಲ್ಲಿ ಕಲಿತರು, ಗಾಳಿಯಲ್ಲಾ?

ತಾಲೀಮಿನ ಮೊಮ್ಮಗ:
ಅವರು ಮ್ಯಾಟ್ ಮೇಲೆ ಅಕ್ಕಾರ. ಮ್ಯಾಟ್ ಬೇರೆ, ಮಣ್ಣು ಬೇರೆ. ಅಜ್ಜನನ್ನು ಕೇಳಿ ಹೇಳ್ತೀನಿ.

ಉಣಕಲ್ ಕೆರೆ ದಂಡೆ:
ಅಜ್ಜನನ್ನು ಕೇಳುವಾಗ ಮೂರು ಮೀಟರಿನ ಗಟ್ಟಿ ಕೋಲು ಎಲ್ಲಿ ಸಿಗುತ್ತೆ ಅಂತಾನೂ ಕೇಳಿ. ಬಿದಿರು ಬೇಡ.